ಎಡಬ್ಲ್ಯುಎಕ್ಸ್ ಆಪರೇಟರ್ ಹಾಕೀನಿ, ಒಂದು ಪಾಡ್ ಎದ್ರೆ ಇನ್ನೊಂದು ಮಲಗ್ತೈತೆ, ಯಾರಾದ್ರೂ ನೋಡ್ರಪ್ಪಾ

ಲ್ಯಾಬ್‌ಕೀಲಿ (ದಾವಣಗೆರೆ) · ಗುರುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ದಾವಣಗೆರೇಲಿ ಒಂದು ಕಾಲೇಜಲ್ಲಿ ಲ್ಯಾಬ್ ನೋಡ್ಕೊಳ್ಳೋನು. ಎರಡು ಲ್ಯಾಬ್ ಸೇರಿ 64 ಉಬುಂಟು ಮಿಷಿನ್ ಇದಾವೆ, ಪ್ರಾಕ್ಟಿಕಲ್ ಎಕ್ಸಾಂ ಬಂತು ಅಂದ್ರೆ ಪೆನ್‌ಡ್ರೈವ್ ಹಿಡ್ಕೊಂಡು ಬಸವನ ಹಿಂದೆ ಬಾಲ ಅನ್ನಂಗೆ ಒಂದೊಂದರ ಹಿಂದೆ ಸುತ್ತೋದು ಸಾಕಾಗಿ ಆನ್ಸಿಬಲ್ (ಒಂದೇ ಕಡೆ ಕೂತು ಎಲ್ಲ ಮಿಷಿನ್‌ಗೂ ಕೆಲಸ ಹೇಳೋ ಸಾಫ್ಟ್‌ವೇರ್) ಕಲಿತೆ. ಪ್ಲೇಬುಕ್, ಅಂದ್ರೆ ಅದಕ್ಕೆ ಬರೆದುಕೊಡೋ ಕೆಲಸದ ಪಟ್ಟಿ, ಚೆನ್ನಾಗೇ ಓಡ್ತೈತೆ. ಆದ್ರೆ ನನಗೆ ರಜ ಇದ್ದಾಗ ಮೇಡಂ ಆಗ್ಲಿ ಇನ್ನಿಬ್ರು ಅಸಿಸ್ಟೆಂಟ್ ಆಗ್ಲಿ ಟರ್ಮಿನಲ್ ಮುಟ್ಟಲ್ಲ, ಕರೀ ಪರದೆ ಕಂಡ್ರೆ ಹಾವು ಕಂಡಂಗೆ ಆಡ್ತಾರೆ, ಅವ್ರಿಗೊಂದು ಬಟನ್ ಬೇಕು ಅಷ್ಟೇ. ಅದಕ್ಕೆ ಎಡಬ್ಲ್ಯುಎಕ್ಸ್ (ಆನ್ಸಿಬಲ್‌ನ ಬ್ರೌಸರಲ್ಲೇ ಬಟನ್ ಒತ್ತಿ ಓಡಿಸೋ ಸಾಫ್ಟ್‌ವೇರ್) ಹಾಕಣ ಅಂತ ಕೂತೆ. 18ನೇ ವರ್ಷನ್ ಇಂದ ಕುಬರ್ನೆಟಿಸ್ (ಕಂಟೇನರ್ ಅನ್ನೋ ಡಬ್ಬಿಗಳೊಳಗೆ ಸಾಫ್ಟ್‌ವೇರ್ ಓಡಿಸಿ ನೋಡ್ಕೊಳ್ಳೋ ವ್ಯವಸ್ಥೆ) ಮೇಲೆ ಆಪರೇಟರ್ (ಎಡಬ್ಲ್ಯುಎಕ್ಸ್‌ನ ಹಾಕಿ ಕಾಯೋ ಪ್ರೋಗ್ರಾಂ) ಇಟ್ಕೊಂಡು ಹಾಕೋದೇ ಸರಿ ದಾರಿ ಅಂತ ಅವ್ರೇ ಬರೆದಿದ್ರು, ಸರಿ ಅಂತ 16 ಜಿಬಿ ರ್‍ಯಾಮ್ ಇರೋ ಹಳೇ ಸರ್ವರ್ ಮೇಲೆ ಕೆ3ಎಸ್ (ಕುಬರ್ನೆಟಿಸ್‌ನ ಹಗುರ ರೂಪ) ಹಾಕ್ದೆ, ಅದು ಒಂದೇ ಸಾಲು, ಐದು ನಿಮಿಷದಲ್ಲಿ ಮುಗೀತು, ಅಲ್ಲಿಗೇ ನಾನು ದೊಡ್ಡ ಇಂಜಿನಿಯರ್ ಆಗ್ಬಿಟ್ಟೆ ಅನ್ಕೊಂಡೆ.

ಆಮೇಲೆ ಒಂದು ಹಳೇ ಬರಹ ನೋಡ್ಕೊಂಡು ಎರಡನೇ ಡಿಸ್ಕಲ್ಲಿ ಫೋಲ್ಡರ್ ಮಾಡಿ, ಅದನ್ನೇ ಡೇಟಾ ಇಡೋ ಜಾಗ ಅಂತ ತೋರಿಸೋ ಹೋಸ್ಟ್‌ಪಾತ್ ಪಿವಿ ಬರೆದು, ಏನೇನು ಹಾಕ್ಬೇಕು ಅಂತ ಹೇಳೋ ಕಸ್ಟಮೈಸೇಶನ್ ಫೈಲಲ್ಲಿ ಆಪರೇಟರ್ 2.19.1 ಅಂತ ಹಾಕಿ ಅಪ್ಲೈ ಮಾಡ್ದೆ. ಈಗ ಆಪರೇಟರ್ ಪಾಡ್ (ಕಂಟೇನರ್‌ಗಳ ಗುಂಪು) 1/2 ಅಂತ ನಿಂತೈತೆ, ಇಮೇಜ್‌ಪುಲ್‌ಬ್ಯಾಕ್‌ಆಫ್, ಅಂದ್ರೆ ಕಂಟೇನರ್ ಮಾಡೋ ಮೂಲ ಪ್ಯಾಕೇಜ್ (ಇಮೇಜ್) ಇಳೀತಿಲ್ಲ. ಡೇಟಾಬೇಸ್ ಇರೋ ಪೋಸ್ಟ್‌ಗ್ರೆಸ್ ಪಾಡ್ ಕ್ರ್ಯಾಶ್‌ಲೂಪ್, ಎದ್ದೆದ್ದು ಬೀಳ್ತೈತೆ. ವೆಬ್ ಪಾಡ್ ಅಂತೂ ಹುಟ್ಟೇ ಇಲ್ಲ. ನೆಟ್ ಸರಿ ಐತೆ, ಬೇರೆ ಇಮೇಜ್ ಎಲ್ಲ ಇಳೀತಾವೆ. ಮೂರು ದಿನ ಆಯ್ತು.

(ಕಮಾಂಡ್‌ಗಳನ್ನೂ ಕನ್ನಡದಲ್ಲೇ ಬರೀತೀನಿ, ಮೊಬೈಲಲ್ಲಿ ಕೀಬೋರ್ಡ್ ಬದಲಾಯಿಸೋಕೆ ಸೋಮಾರಿ, ಬೈಬೇಡಿ.)

ಮಂಡಕ್ಕಿಭಟ್ಟಿ · 10:02

ಅಣ್ಣಾ ಮೂರು ದಿನದಲ್ಲಿ 64 ಮಿಷಿನ್‌ಗೂ ಪೆನ್‌ಡ್ರೈವ್ ಹಾಕಿ ಮುಗಿಸಿ ಬೆಣ್ಣೆ ದೋಸೆ ತಿಂದು ಬರಬಹುದಿತ್ತು 😄

ಲ್ಯಾಬ್‌ಕೀಲಿ · 10:04

ಲೇ, ಗಾಯದ ಮೇಲೆ ಖಾರ ಮಂಡಕ್ಕಿ ಉದುರಿಸ್ಬೇಡ.

ವಿದ್ಯಾನಗರ_ಅಕ್ಕ · 10:21

ಎರಡೂ ಬೇರೆ ಬೇರೆ ಕಾಯಿಲೆ, ಒಟ್ಟಿಗೆ ಔಷಧಿ ಹುಡುಕ್ಬೇಡಿ.

ಮೊದಲನೇದು. ಆಪರೇಟರ್ ಪಾಡ್ ಒಳಗೆ ಎರಡು ಕಂಟೇನರ್ ಇರ್ತವೆ, ಒಂದು ಎಡಬ್ಲ್ಯುಎಕ್ಸ್-ಮ್ಯಾನೇಜರ್, ಇನ್ನೊಂದು ಕ್ಯೂಬ್-ಆರ್‌ಬ್ಯಾಕ್-ಪ್ರಾಕ್ಸಿ. ಕೆಲಸ ಮಾಡೋದು ಮೊದಲನೇದು, ಎರಡನೇದು ಮೆಟ್ರಿಕ್ಸ್ (ಅಂಕಿಅಂಶ) ಬಾಗಿಲು ಕಾಯೋ ವಾಚ್‌ಮನ್ ಅಷ್ಟೇ. ಆ ವಾಚ್‌ಮನ್ ಇಮೇಜು ಮುಂಚೆ ಗೂಗಲ್ಲಿನ ಜಿಸಿಆರ್ ರಿಜಿಸ್ಟ್ರಿಯಲ್ಲಿ (ಇಮೇಜ್ ಗೋದಾಮಿನಲ್ಲಿ) ಕ್ಯೂಬ್‌ಬಿಲ್ಡರ್ ಅನ್ನೋ ಹೆಸರಲ್ಲಿ ಇತ್ತು, 2025ರಲ್ಲಿ ಅಲ್ಲಿಂದ ಎತ್ತಿಬಿಟ್ರು. ಆಪರೇಟರ್ 2.19.1 ಬಂದಿದ್ದು 2024ರ ಜುಲೈ, ಅದರೊಳಗೆ ಹಳೇ ವಿಳಾಸಾನೇ ಬರೆದಿದೆ, ಮನೆ ಖಾಲಿ ಆಗಿರೋದು ಅದಕ್ಕೆ ಗೊತ್ತಿಲ್ಲ. ನಿಮ್ಮ ಕಸ್ಟಮೈಸೇಶನ್ ಫೈಲಲ್ಲಿ ಇಮೇಜಸ್ ಅನ್ನೋ ಭಾಗ ಇದೆಯಲ್ಲ, ಅಲ್ಲಿ ಇನ್ನೊಂದು ನಮೂದು ಸೇರಿಸಿ. ನೇಮ್ ಮುಂದೆ ಹಳೇ ಜಿಸಿಆರ್ ವಿಳಾಸ, ನ್ಯೂನೇಮ್ ಮುಂದೆ ಕ್ವೇ ಡಾಟ್ ಐಓ ಸ್ಲ್ಯಾಶ್ ಬ್ರಾಂಜ್ (ಬಿ-ಆರ್-ಎ-ಎನ್-ಸಿ-ಜೆಡ್) ಸ್ಲ್ಯಾಶ್ ಕ್ಯೂಬ್-ಆರ್‌ಬ್ಯಾಕ್-ಪ್ರಾಕ್ಸಿ. ಮತ್ತೆ ಅಪ್ಲೈ ಹೈಫನ್ ಕೆ.

ಎರಡನೇದಕ್ಕೆ ಪೋಸ್ಟ್‌ಗ್ರೆಸ್ ಪಾಡ್ ಲಾಗ್ ಹಾಕಿ. ಲಾಗ್ ನೋಡದೆ ಊಹೆ ಮಾಡಲ್ಲ.

ಲ್ಯಾಬ್‌ಕೀಲಿ · 10:48

ಅಕ್ಕಾ!! ಆಪರೇಟರ್ 2/2 ಬಂತು. ಮೂರು ದಿನದಿಂದ ನಮ್ಮ ಕಾಲೇಜ್ ಫೈರ್‌ವಾಲ್‌ನ ಬೈಕೊಂಡು ಓಡಾಡ್ತಿದ್ದೆ, ಪಾಪ ಅದರ ತಪ್ಪೇನೂ ಇರ್ಲಿಲ್ಲ.

ಪೋಸ್ಟ್‌ಗ್ರೆಸ್ ಲಾಗಲ್ಲಿ ಒಂದೇ ಸಾಲು: ಎಂಕೆಡಿಐಆರ್, ವಾರ್ ಲಿಬ್ ಪಿಜಿಎಸ್‌ಕ್ಯುಎಲ್ ಡೇಟಾ ಯೂಸರ್‌ಡೇಟಾ ಫೋಲ್ಡರ್ ಮಾಡೋಕೆ ಆಗಲ್ಲ, ಪರ್ಮಿಷನ್ ಡಿನೈಡ್.

ಕೋಟೆಕಲ್ಲು (ಚಿತ್ರದುರ್ಗ) · 10:55

ಇದು ನನಗೆ ಗೊತ್ತೈತೆ, ಇದೇ ಕಲ್ಲಿಗೆ ನಾನೂ ಎಡವಿದೀನಿ. ನೀನು ನೋಡಿರೋ ಬರಹ ಪೋಸ್ಟ್‌ಗ್ರೆಸ್ 13 ಇದ್ದ ಕಾಲದ್ದು. ಈಗಿನ ಆಪರೇಟರ್ 15 ಹಾಕ್ತೈತೆ, ಆ ಇಮೇಜೇ ಬೇರೆ, ಅದು ಒಳಗೆ ರೂಟ್ ಆಗಿ ಓಡಲ್ಲ, ಯೂಸರ್ ನಂಬರ್ 26 ಆಗಿ ಓಡ್ತೈತೆ. ನೀನು ಸುಡೋ ಹಾಕಿ ಮಾಡಿರೋ ಫೋಲ್ಡರ್ ರೂಟಿಂದು. ಇನ್ನೊಬ್ಬರ ಹೊಲದಲ್ಲಿ ಗುದ್ದಲಿ ಹಾಕಿದ್ರೆ ಬಿಡ್ತಾರಾ?

ದಾರಿ ಎರಡು. ಒಂದು, ಸರ್ವರ್ ಮೇಲೆ ಹೋಗಿ ಆ ಫೋಲ್ಡರ್‌ಗೆ ಚೋನ್ 26:0 (ಮಾಲೀಕನ್ನ ಬದಲಾಯಿಸೋ ಕಮಾಂಡ್) ಮಾಡಿ 700 (ಮಾಲೀಕನಿಗೆ ಮಾತ್ರ ಪ್ರವೇಶ) ಕೊಡು. ಇಲ್ಲಾಂದ್ರೆ ಸಿಆರ್ (ಎಡಬ್ಲ್ಯುಎಕ್ಸ್ ಹೆಂಗಿರಬೇಕು ಅಂತ ಆಪರೇಟರ್‌ಗೆ ಹೇಳೋ ಫೈಲ್) ಅಲ್ಲೇ ಪೋಸ್ಟ್‌ಗ್ರೆಸ್ ಡೇಟಾ ವಾಲ್ಯೂಮ್ ಇನಿಟ್ ಅನ್ನೋದನ್ನ ಟ್ರೂ ಮಾಡು, ಆಗ ಅದೇ ಮುಂಚೆ ಒಂದು ಇನಿಟ್ ಕಂಟೇನರ್ ಬಿಟ್ಟು ಮಾಲೀಕತ್ವ ಸರಿ ಮಾಡ್ಕಳ್ತೈತೆ.

ಲ್ಯಾಬ್‌ಕೀಲಿ · 10:58

ಅಯ್ಯೋ ನಾನು ನೋಡೋದ್ರೊಳಗೆ 777 (ಯಾರು ಬೇಕಾದ್ರೂ ಓದಿ ಬರೆಯೋ ಅನುಮತಿ) ಕೊಟ್ಬಿಟ್ಟೆ ಅಣ್ಣ, ಎದ್ದೈತೆ ಈಗ.

ವಿದ್ಯಾನಗರ_ಅಕ್ಕ · 11:03

ಎದ್ದಿದೆ ಸರಿ. ಆ ಸರ್ವರ್‌ಗೆ ವಿದ್ಯಾರ್ಥಿಗಳಿಗೂ ಲಾಗಿನ್ ಇದೆಯಾ?

ಲ್ಯಾಬ್‌ಕೀಲಿ · 11:05

…ಇದೆ.

ವಿದ್ಯಾನಗರ_ಅಕ್ಕ · 11:06

ವಾಪಸ್ ತೆಗೀರಿ. ಈಗಲೇ. 64 ಮಿಷಿನ್‌ಗೆ ನುಗ್ಗೋ ಕೀ, ಪಾಸ್‌ವರ್ಡ್ ಎಲ್ಲ ಆ ಡೇಟಾಬೇಸ್ ಒಳಗೆ ಬಂದು ಕೂರತ್ತೆ, ಅದರ ಬಾಗಿಲು ತೆಗೆದಿಟ್ಟು ಮಲಗೋದಾ?

ಹೊಳೆದಂಡೆ (ಹರಿಹರ) · ಶುಕ್ರವಾರ ಬೆಳಗ್ಗೆ 7:15

ಬೆಳಗ್ಗೆ ಬೆಳಗ್ಗೆ ಓದಿದೆ. ಬೇಜಾರ್ ಮಾಡ್ಕಬ್ಯಾಡ್ರಿ, ಒಂದು ಮಾತು ಕೇಳ್ತೀನಿ. 64 ಮಿಷಿನ್ ಐತಿ, ಪ್ಲೇಬುಕ್ ಐತಿ, ಓಡ್ತೈತಿ ಅಂತ ನೀವೇ ಹೇಳೀರಿ. ಅದರ ಮೇಲೆ ಕುಬರ್ನೆಟಿಸ್, ಅದರ ಮೇಲೆ ಆಪರೇಟರ್, ಅದರ ಮೇಲೆ ಪೋಸ್ಟ್‌ಗ್ರೆಸ್, ರೆಡಿಸ್, ವೆಬ್, ಟಾಸ್ಕ್. ಸೊಳ್ಳೆ ಹೊಡಿಯಾಕ ಫಿರಂಗಿ ಯಾಕ? ನಾನು ಒಂದು ರೈಸ್‌ಮಿಲ್ ಆಫೀಸಿಂದು ಹದಿನೈದು ಸಿಸ್ಟಂ ನೋಡ್ಕಂತೀನಿ, ಪ್ರತಿಯೊಂದರಲ್ಲೂ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡಿಸೋ ಟೈಮರ್) ಒಳಗ ಆನ್ಸಿಬಲ್-ಪುಲ್ ಹಾಕೀನಿ, ಗಿಟ್ (ಫೈಲ್ ಇಡೋ ಭಂಡಾರ) ಇಂದ ಅದೇ ಎಳ್ಕಂತೈತಿ, ಅದೇ ಓಡಿಸ್ಕಂತೈತಿ, ನಾನು ಹೊಳೀ ದಂಡಿಮ್ಯಾಲ ಕೂತಿರ್ತೀನಿ. ಬಟನ್ನೇ ಬೇಕಂದ್ರೆ ಸೆಮಫೋರ್ (ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್) ಹಾಕ್ರಿ, ಒಂದೇ ಬೈನರಿ.

ಇನ್ನೊಂದು. ಎಡಬ್ಲ್ಯುಎಕ್ಸ್ 24.6.1 ಆದಮೇಲೆ ದೊಡ್ಡ ರಿಪೇರಿ ನಡದೈತಿ ಅಂತ ಬಿಡುಗಡೆ ನಿಲ್ಸಿದಾರ, ಅವ್ರ ಮೊದಲ ಪುಟದಾಗೇ ಬರದಾರ. ಅಂಥಾದ್ದನ್ನ ಹೊಸದಾಗಿ ಯಾಕ ಹಾಕ್ಬೇಕು?

ಕೋಟೆಕಲ್ಲು · 8:40

ಹೊಳೆದಂಡೆ ಅವ್ರು ಹೇಳೋದ್ರಲ್ಲಿ ಅರ್ಧ ಒಪ್ತೀನಿ. ಬಿಡುಗಡೆ ನಿಂತಿರೋದು ನಿಜ, ನಿನ್ನೆ ಬಂದ ಇಮೇಜ್ ತೊಂದರೇನೂ ಅದರದ್ದೇ ಫಲ, ಬಿಡುಗಡೆ ನಡೀತಿದ್ರೆ ಅವ್ರೇ ವಿಳಾಸ ತಿದ್ದಿರೋರು. ಇಂಟರ್‌ನೆಟ್‌ಗೆ ತೆರೆದಿಡೋ ಸರ್ವರ್ ಆದ್ರೆ ನಾನೇ ಬೇಡ ಅಂತಿದ್ದೆ. ಕಾಲೇಜ್ ಒಳಗಿನ ಲ್ಯಾಬ್ ನೆಟ್‌ವರ್ಕಲ್ಲಿ ಇರೋದಕ್ಕೆ ಪರವಾಗಿಲ್ಲ ಅಂತ ನನ್ನ ಲೆಕ್ಕ. ಕ್ರಾನಲ್ಲಿ ಯಾರು ಯಾವಾಗ ಏನು ಓಡಿಸಿದ್ರು ಅನ್ನೋ ದಾಖಲೆ, ಇಂಥೋರಿಗೆ ಇಷ್ಟೇ ಬಟನ್ ಅನ್ನೋ ಹಿಡಿತ ಎಲ್ಲಿಂದ ತರ್ತೀರಿ? ಇವ್ನಿಗೆ ಬೇಕಿರೋದು ಅದು.

ಹೊಳೆದಂಡೆ · 8:52

ಸೆಮಫೋರ್ ಒಳಗೂ ಐತಿ ಅದು. ಇರ್ಲಿ, ಹಾಕಿ ಆಗೈತಿ, ಮುಂದ ನಡೀರಿ.

ಮಂಡಕ್ಕಿಭಟ್ಟಿ · 11:30

ಕ್ಲಾಸಲ್ಲಿ ಕೂತ್ಕೊಂಡು ನಾನೂ ಲ್ಯಾಪ್‌ಟಾಪಲ್ಲಿ ಟ್ರೈ ಮಾಡ್ದೆ. ನೋ ಮ್ಯಾಚಸ್ ಫಾರ್ ಕೈಂಡ್ ಎಡಬ್ಲ್ಯುಎಕ್ಸ್ ಅಂತು. ಆಪರೇಟರ್ ಮತ್ತು ಸಿಆರ್ ಎರಡನ್ನೂ ಒಂದೇ ಸಲ ಅಪ್ಲೈ ಮಾಡಿದ್ದಕ್ಕಂತೆ, ಎಡಬ್ಲ್ಯುಎಕ್ಸ್ ಅನ್ನೋ ಜಾತಿ ಒಂದೈತೆ ಅಂತ ಕ್ಲಸ್ಟರ್‌ಗೆ ಗೊತ್ತಾಗೋ ಮುಂಚೇನೇ ಎಡಬ್ಲ್ಯುಎಕ್ಸ್ ಕೊಡು ಅಂತ ಕೇಳ್ದಂಗೆ. ಮೊದ್ಲು ಆಪರೇಟರ್ ಮಾತ್ರ ಹಾಕಿ, ಎದ್ದಮೇಲೆ ಸಿಆರ್ ಫೈಲ್ ಸೇರಿಸಿ ಇನ್ನೊಂದ್ಸಲ ಹಾಕ್ದೆ, ಹೋಯ್ತು. 8 ಜಿಬಿ ಲ್ಯಾಪ್‌ಟಾಪ್ ಫ್ಯಾನ್ ಮಾತ್ರ ಭಟ್ಟಿ ಊದ್ದಂಗೆ ಊದ್ತೈತೆ. ಮಿನಿಕ್ಯೂಬ್‌ಗೇ (ಲ್ಯಾಪ್‌ಟಾಪಲ್ಲಿ ಓಡಿಸೋ ಪುಟ್ಟ ಕುಬರ್ನೆಟಿಸ್) 4 ಸಿಪಿಯು 6 ಜಿಬಿ ಕೊಡಿ ಅಂತ ಬರೆದಿರೋದು ಸುಮ್ನೆ ಅಲ್ಲ.

ಲ್ಯಾಬ್‌ಕೀಲಿ · ಶುಕ್ರವಾರ ಸಂಜೆ 6:20

ಚೋನ್ ಮಾಡ್ದೆ, 700 ಕೊಟ್ಟೆ. ಎಲ್ಲ ಎದ್ದಾವೆ. ಲಾಗಿನ್ ಪೇಜ್ ಬಂತು! ಪಾಸ್‌ವರ್ಡ್‌ನ ಸೀಕ್ರೆಟ್ (ಕುಬರ್ನೆಟಿಸ್ ಗುಟ್ಟು ಇಡೋ ಜಾಗ) ಒಳಗಿಂದ ತೆಗೆದು ಬೇಸ್64 ಬಿಚ್ಚಿ ಒಳಗೂ ಹೋದೆ. ಸರ್ವೀಸ್ ಟೈಪ್ ನೋಡ್‌ಪೋರ್ಟ್ ಇಟ್ಟು 30080 ಕೊಟ್ಟೀನಿ, ಲ್ಯಾಬಿಂದ ತೆಗೆದ್ರೆ ಬರ್ತೈತೆ.

ಆದ್ರೆ ಒಂದು ವಿಚಿತ್ರ. ಇದೇ ಸರ್ವರಲ್ಲಿ ಹುಡುಗ್ರ ಪ್ರಾಜೆಕ್ಟ್ ಕೂಡ ಓಡ್ತವೆ, ರ್‍ಯಾಮ್ ಉಳಿಸಣ ಅಂತ ಮಧ್ಯಾಹ್ನ ವೆಬ್ ಡಿಪ್ಲಾಯ್ಮೆಂಟ್‌ನ ಸ್ಕೇಲ್ 0 (ಪಾಡ್ ಸಂಖ್ಯೆ ಸೊನ್ನೆ) ಮಾಡ್ದೆ. ಪಾಡ್ ಹೋಯ್ತು. ಟೀ ಕುಡ್ದು ಬಂದು ನೋಡಿದ್ರೆ ಮತ್ತೆ ಬಂದು ಕೂತೈತೆ. ಮತ್ತೆ 0 ಮಾಡ್ದೆ, ಮತ್ತೆ ಬಂತು. ಇದೇನ್ರಪ್ಪಾ ರಕ್ತಬೀಜಾಸುರನ ವಂಶ? ಯಾರಾದ್ರೂ ಹುಡುಗ್ರು ತರ್ಲೆ ಮಾಡ್ತಿದಾರಾ ಅಂತ ಲಾಗಿನ್ ಹಿಸ್ಟರಿ ಎಲ್ಲ ನೋಡ್ದೆ, ಯಾರೂ ಇಲ್ಲ.

ವಿದ್ಯಾನಗರ_ಅಕ್ಕ · 7:05

ತರ್ಲೆ ಮಾಡ್ತಿರೋದು ಹುಡುಗ್ರಲ್ಲ, ನೀವೇ ತಂದು ಕೂರಿಸಿರೋ ಆಪರೇಟರ್ 😀

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ತಲೆಗೆ ಹೋಗದೆ ಇದ್ರೆ ಮುಂದೆ ದಿನಾ ಇದೇ ಜಗಳ. ಆಪರೇಟರ್ ಅನ್ನೋ ಮಾತು ಶುರು ಮಾಡಿದ್ದು 2016ರಲ್ಲಿ ಕೋರ್‌ಓಎಸ್ ಕಂಪನಿಯವರು. ಒಂದು ಸಾಫ್ಟ್‌ವೇರನ್ನ ನೋಡ್ಕೊಳ್ಳೋ ಮನುಷ್ಯನಿಗೆ ಏನೇನು ಗೊತ್ತಿರತ್ತೋ ಅದನ್ನೇ ಪ್ರೋಗ್ರಾಂ ಮಾಡಿ ಕ್ಲಸ್ಟರ್ ಒಳಗೇ ಕೂರಿಸಿಬಿಡೋದು. ಅದರ ಕೈಲಿ ಒಂದು ಚೀಟಿ ಇರತ್ತೆ, ಅದೇ ನಿಮ್ಮ ಸಿಆರ್. ಚೀಟಿ ನೋಡತ್ತೆ, ಮನೆ ನೋಡತ್ತೆ, ವ್ಯತ್ಯಾಸ ಕಂಡ್ರೆ ಮನೇನ ಚೀಟಿ ಥರ ಮಾಡತ್ತೆ. ಚೀಟಿಯಲ್ಲಿ ಒಂದು ವೆಬ್ ಪಾಡ್ ಅಂತ ಇದೆ, ನೀವು ಹೋಗಿ ಮನೇಲಿ ಸೊನ್ನೆ ಮಾಡಿದ್ರಿ. ಅದು ಚೀಟಿ ನೋಡ್ತು, ಓಹೋ ಒಂದು ಕಮ್ಮಿ ಆಗಿದೆ ಅಂತ ತಂದಿಟ್ಟಿತು. ಅದರ ಪ್ರಕಾರ ನೀವೇ ಕಳ್ಳ.

ಹಾಗಾಗಿ ಚೀಟಿ ತಿದ್ದಿ. ಸಿಆರ್ ಅಲ್ಲಿ ವೆಬ್ ರೆಪ್ಲಿಕಾಸ್ 0, ಟಾಸ್ಕ್ ರೆಪ್ಲಿಕಾಸ್ 0 ಅಂತ ಬರೆದು ಅಪ್ಲೈ ಮಾಡಿ, ಅದೇ ಮಲಗಿಸತ್ತೆ. ಬೇಕಾದಾಗ 1.

ಗಮ್ಮತ್ತು ಏನಂದ್ರೆ ಈ ಆಪರೇಟರ್ ಒಳಗಿರೋದೂ ಆನ್ಸಿಬಲ್ಲೇ. ಎಡಬ್ಲ್ಯುಎಕ್ಸ್-ಮ್ಯಾನೇಜರ್ ಕಂಟೇನರ್ ಲಾಗ್ ತೆಗೀರಿ, ನಿಮಗೆ ಪರಿಚಯ ಇರೋ ಟಾಸ್ಕ್, ಪ್ಲೇ ರೀಕ್ಯಾಪ್, ಫೇಲ್ಡ್ ಈಕ್ವಲ್ಸ್ 0 ಎಲ್ಲ ಅಲ್ಲೇ ಓಡ್ತಿರತ್ತೆ. ಏನೇ ತೊಂದರೆ ಆದ್ರೂ ಮೊದಲು ಆ ಲಾಗು, ಆಮೇಲೆ ಇಲ್ಲಿ ಪೋಸ್ಟು.

ಲ್ಯಾಬ್‌ಕೀಲಿ · 7:31

ಹಂಗಾದ್ರೆ ನಿನ್ನೆ ವಾಚ್‌ಮನ್ ಇಮೇಜ್‌ನ ನೇರ ಡಿಪ್ಲಾಯ್ಮೆಂಟಲ್ಲೇ ಎಡಿಟ್ ಮಾಡಿದ್ರೂ ವಾಪಸ್ ಹಳೇದೇ ಬರ್ತಿತ್ತಾ?

ವಿದ್ಯಾನಗರ_ಅಕ್ಕ · 7:38

ಒಳ್ಳೇ ಪ್ರಶ್ನೆ. ಇಲ್ಲ, ಅದು ನಿಲ್ತಿತ್ತು. ಆಪರೇಟರ್ ಕಾಯೋದು ಎಡಬ್ಲ್ಯುಎಕ್ಸನ್ನ, ಆಪರೇಟರನ್ನ ಕಾಯೋರು ನೀವೊಬ್ರೇ. ಆದ್ರೆ ಮುಂದಿನ ಸಲ ಅಪ್ಲೈ ಹೈಫನ್ ಕೆ ಅಂದ ಕೂಡ್ಲೇ ಅಳಿಸಿಹೋಗ್ತಿತ್ತು, ಅದಕ್ಕೇ ಫೈಲಲ್ಲೇ ಬರೆಸಿದ್ದು.

ಹೊಳೆದಂಡೆ · 8:10

ನಮ್ಮವ್ವನೂ ಹಿಂಗೇ ಅದಾಳ ನೋಡ್ರಿ, ಸ್ಟೂಲ್ ಎಲ್ಲಿ ಸರಿಸಿಟ್ರೂ ರಾತ್ರಿ ಅದರ ಜಾಗಕ್ಕ ಬಂದಿರ್ತೈತಿ. ಆಪರೇಟರ್ ಅಂದ್ರ ಈಗ ತಿಳೀತು.

ಲ್ಯಾಬ್‌ಕೀಲಿ · ಶನಿವಾರ ಮಧ್ಯಾಹ್ನ 1:15

ಮತ್ತೆ ಬಂದೆ, ಬೈಕೋಬೇಡಿ. ಇನ್‌ವೆಂಟರಿ (ಮಿಷಿನ್ ಪಟ್ಟಿ) ಹಾಕ್ದೆ, ಕ್ರೆಡೆನ್ಶಿಯಲ್ (ಲಾಗಿನ್ ಕೀ, ಪಾಸ್‌ವರ್ಡ್) ಹಾಕ್ದೆ, ಜಾಬ್ ಓಡಿಸ್ದೆ, 64ಕ್ಕೆ 64ಊ ಅನ್‌ರೀಚಬಲ್. ಹೋಸ್ಟ್‌ನೇಮ್ ಗೊತ್ತಾಗ್ತಿಲ್ಲ ಅಂತೈತೆ. ಸರ್ವರ್ ಟರ್ಮಿನಲಿಂದ ಅದೇ ಪ್ಲೇಬುಕ್ ಓಡ್ತೈತೆ! ಹೆಸ್ರು ಎಲ್ಲ ಸರ್ವರಿನ ಇಟಿಸಿ ಹೋಸ್ಟ್ಸ್ ಫೈಲಲ್ಲಿ ಬರೆದಿದೀನಿ. ಟಾಸ್ಕ್ ಪಾಡ್ ಒಳಗೆ ಎಕ್ಸೆಕ್ ಮಾಡಿ ಅಲ್ಲಿನ ಹೋಸ್ಟ್ಸ್ ಫೈಲಿಗೂ ಸೇರಿಸ್ದೆ, ಅಲ್ಲಿಂದ ಗೆಟೆಂಟ್ ಹಾಕಿದ್ರೆ ಐಪಿ ಕೊಡ್ತೈತೆ, ಜಾಬ್ ಮಾತ್ರ ಹಂಗೇ ಬೀಳ್ತೈತೆ.

ಕೋಟೆಕಲ್ಲು · 1:40

ಜಾಬ್ ಓಡೋದು ಟಾಸ್ಕ್ ಪಾಡಲ್ಲಿ ಅಲ್ಲಪ್ಪ. ಒಂದು ಕಿಟಕೀಲಿ ಗೆಟ್ ಪಾಡ್ಸ್ ಹೈಫನ್ ಡಬ್ಲ್ಯು ಹಾಕಿ ನೋಡ್ತಾ ಇರು, ಬಟನ್ ಒತ್ತಿದ ಕೂಡ್ಲೇ ಆಟೋಮೇಶನ್-ಜಾಬ್ ಅಂತ ಹೊಸ ಪಾಡ್ ಹುಟ್ತೈತೆ, ಕೆಲಸ ಮುಗಿಸ್ತೈತೆ, ಸಾಯ್ತೈತೆ. ಪ್ರತಿ ಸಲಾನೂ ಹೊಸ ಕೂಲಿಯವ್ನು ಬಂದಂಗೆ. ನೀನು ಮೇಸ್ತ್ರಿ ಕಿವೀಲಿ ವಿಳಾಸ ಹೇಳಿದೀಯ, ಹೋಗೋನು ಬೇರೆ.

ಸರ್ವರಿನ ಹೋಸ್ಟ್ಸ್ ಫೈಲ್ ಅವ್ನಿಗೆ ಕಾಣಲ್ಲ, ಅವ್ನು ಕೇಳೋದು ಕ್ಲಸ್ಟರ್ ಒಳಗೆ ಹೆಸ್ರಿಗೆ ವಿಳಾಸ ಹೇಳೋ ಕೋರ್‌ಡಿಎನ್‌ಎಸ್ ನ. ಸುಲಭ ಅಂದ್ರೆ ಇನ್‌ವೆಂಟರೀಲಿ ಪ್ರತಿ ಹೆಸ್ರಿಗೂ ಆನ್ಸಿಬಲ್ ಹೋಸ್ಟ್ ಅಂತ ಐಪಿ ಕೊಟ್ಬಿಡು. ಇಲ್ಲಾಂದ್ರೆ ಇನ್‌ಸ್ಟೆನ್ಸ್ ಗ್ರೂಪ್ಸಲ್ಲಿ ಕಂಟೇನರ್ ಗ್ರೂಪ್ ತೆಗೆದು ಪಾಡ್ ಸ್ಪೆಕ್ ಬದಲಾಯಿಸಿ ಹೋಸ್ಟ್ ಅಲಿಯಾಸಸ್ ಸೇರಿಸ್ಬೇಕು, 64 ಹೆಸ್ರು ಅಲ್ಲಿ ಬರೆಯೋದು ಯಾರಿಗೆ ಬೇಕು.

ಲ್ಯಾಬ್‌ಕೀಲಿ · 2:25

ಐಪಿ ಕೊಟ್ಟೆ. ಪಚ್ಚ ಪಚ್ಚ ಬಣ್ಣ ಬಂತು. ಕಣ್ಣಲ್ಲಿ ನೀರು ಬರೋದೊಂದು ಬಾಕಿ.

ಪ್ರಾಜೆಕ್ಟ್ಸ್ ಪರ್ಸಿಸ್ಟೆನ್ಸ್ (ಪ್ಲೇಬುಕ್ ಫೋಲ್ಡರ್ ಉಳಿಸಿಡೋದು) ಅಂತ ಒಂದು ಟ್ರೂ ಇತ್ತು ಆ ಹಳೇ ಬರಹದಲ್ಲಿ, ಅದು ಹಾಕಿದ್ರೆ ಪಿವಿಸಿ (ಡಿಸ್ಕಲ್ಲಿ ಜಾಗ ಬೇಕು ಅನ್ನೋ ಬೇಡಿಕೆ) ಪೆಂಡಿಂಗಲ್ಲೇ ಕೂತ್ಕಳ್ತೈತೆ, ತೆಗೆದ್ಬಿಟ್ಟೆ, ಪರವಾಗಿಲ್ವಾ?

ವಿದ್ಯಾನಗರ_ಅಕ್ಕ · 2:50

ಪರವಾಗಿಲ್ಲ, ಗಿಟ್ ಇಂದ ತಾನೇ ಎಳೆಯೋದು. ಅದು ಹಲವು ನೋಡ್ (ಸರ್ವರ್) ಒಟ್ಟಿಗೆ ಬರೆಯೋ ಥರದ ಸ್ಟೋರೇಜ್ ಕೇಳತ್ತೆ, ಕೆ3ಎಸ್ ಜೊತೆ ಬರೋ ಲೋಕಲ್-ಪಾತ್ ಅದನ್ನ ಕೊಡಲ್ಲ, ಅದಕ್ಕೇ ಪೆಂಡಿಂಗ್.

ಕೋಟೆಕಲ್ಲು · ಶನಿವಾರ ರಾತ್ರಿ 9:30

ಎಲ್ಲ ಸರಿ ಹೋಯ್ತಲ್ಲ, ಈಗ ನನ್ನ ಕಥೆ ಕೇಳು, ಉದ್ದ ಐತೆ.

ನಮ್ಮ ಆಫೀಸಲ್ಲಿ ಇದೇ ಥರ ಹಾಕಿದ್ದೆ. ದುರ್ಗದಲ್ಲಿ ಬ್ಯಾಕಪ್ ಬಗ್ಗೆ ಯಾರಾದ್ರೂ ಕೇಳಿದ್ರೆ ಏಳು ಸುತ್ತಿನ ಕೋಟೆ ಕಟ್ಟೀನಿ ಅಂತ ಜಂಬ ಕೊಚ್ಕೊಳ್ತಿದ್ದೆ, ದಿನಾ ರಾತ್ರಿ ಪಿಜಿ-ಡಂಪ್ (ಡೇಟಾಬೇಸ್ ನಕಲು) ತೆಗೆದು ಬೇರೆ ಡಿಸ್ಕಿಗೆ. ಒಂದಿನ ಏನೋ ಅಪ್‌ಗ್ರೇಡ್ ಮಾಡಕ್ಕೆ ಹೋಗಿ ಗೋಜಲಾಯ್ತು, ಡಂಪ್ ಐತಲ್ಲ ಅನ್ನೋ ಧೈರ್ಯದ ಮೇಲೆ ನೇಮ್‌ಸ್ಪೇಸನ್ನೇ (ಎಡಬ್ಲ್ಯುಎಕ್ಸ್ ಸಾಮಾನೆಲ್ಲ ಇರೋ ಕೋಣೆ) ಡಿಲೀಟ್ ಹೊಡೆದು ಹೊಸದಾಗಿ ಹಾಕಿ ಡಂಪ್ ತುಂಬಿಸ್ದೆ. ಲಾಗಿನ್ ಆಯ್ತು. ಟೆಂಪ್ಲೇಟ್ ಎಲ್ಲ ಇದಾವೆ, ಇನ್‌ವೆಂಟರಿ ಐತೆ, ಹಿಸ್ಟರಿ ಐತೆ. ಜಾಬ್ ಒತ್ತಿದ್ರೆ ಬೀಳ್ತೈತೆ. ಯಾಕೆ? ಒಳಗಿರೋ ಎಸ್‌ಎಸ್‌ಎಚ್ ಕೀ, ಪಾಸ್‌ವರ್ಡ್ ಎಲ್ಲ ಒಂದು ಸೀಕ್ರೆಟ್ ಕೀ ಇಟ್ಟು ಬೀಗ ಹಾಕಿರ್ತೈತೆ. ಆ ಕೀ ಡೇಟಾಬೇಸಲ್ಲಿ ಇರಲ್ಲ, ಕುಬರ್ನೆಟಿಸ್ ಸೀಕ್ರೆಟ್ ಆಗಿ ನೇಮ್‌ಸ್ಪೇಸಲ್ಲಿ ಇರ್ತೈತೆ, ಹೆಸ್ರಿನ ಕೊನೇಲಿ ಸೀಕ್ರೆಟ್-ಕೀ ಅಂತ. ನೇಮ್‌ಸ್ಪೇಸ್ ಜೊತೆ ಅದೂ ಹೋಯ್ತು. ಹೊಸ ಆಪರೇಟರ್ ಹೊಸ ಕೀ ಹುಟ್ಟಿಸ್ತು. ಕೋಟೆ ಬಾಗಿಲೆಲ್ಲ ಭದ್ರ, ಕಿಂಡಿ ಒಂದು ಬಿಟ್ಟಿದ್ದೆ, ಕಾಯಕ್ಕೆ ಓಬವ್ವನೂ ಇರ್ಲಿಲ್ಲ. ಒಂದೊಂದು ಕ್ರೆಡೆನ್ಶಿಯಲ್ಲೂ ಕೈಯಾರೆ ಮತ್ತೆ ಹಾಕ್ದೆ, ಎರಡು ಪಾಸ್‌ವರ್ಡ್ ಯಾರಿಗೂ ನೆನಪಿರ್ಲಿಲ್ಲ.

ಸಿಆರ್ ಒಂದನ್ನೇ ಡಿಲೀಟ್ ಮಾಡಿದ್ರೆ ಸೀಕ್ರೆಟ್‌ಗಳು ಉಳೀತಾವೆ, ಗಾರ್ಬೇಜ್ ಕಲೆಕ್ಟ್ ಸೀಕ್ರೆಟ್ಸ್ ಅನ್ನೋದು ಹುಟ್ಟಿನಿಂದ ಫಾಲ್ಸೇ. ನೇಮ್‌ಸ್ಪೇಸ್ ಹೋದ್ರೆ ಮಾತ್ರ ಯಾವ ದೇವ್ರೂ ಉಳಿಸಲ್ಲ. ಎಡಬ್ಲ್ಯುಎಕ್ಸ್‌ಬ್ಯಾಕಪ್ ಅಂತ ಇನ್ನೊಂದು ಕೈಂಡ್ ಐತೆ, ಅದರ ಸಿಆರ್ ಹಾಕಿದ್ರೆ ಡೇಟಾಬೇಸ್, ಸೀಕ್ರೆಟ್, ಸ್ಪೆಕ್ ಮೂರನ್ನೂ ಒಂದು ಪಿವಿಸಿಗೆ ತುಂಬಿಸ್ತೈತೆ. ಆದ್ರೆ ಆ ಪಿವಿಸೀನೂ ಅದೇ ನೇಮ್‌ಸ್ಪೇಸಲ್ಲಿದ್ರೆ, ಲೋಕಲ್-ಪಾತ್ ಆದ್ರೆ, ಡಿಲೀಟ್ ಜೊತೆ ಡೇಟಾನೂ ಅಳಿಸ್ತೈತೆ. ಹೊರಗೆ ಕಾಪಿ ಮಾಡ್ಕೋ.

ಹೊಳೆದಂಡೆ · 9:44

ಇದಕ್ಕೇ ನಾ ಕ್ರಾನ್ ಅಂದಿದ್ದು.

ಕೋಟೆಕಲ್ಲು · 9:46

ಕ್ರಾನ್ ಮಿಷಿನ್ನಿನ ಎಸ್‌ಎಸ್‌ಎಚ್ ಕೀ ಬ್ಯಾಕಪ್ ಐತಾ ನಿಮ್ಮತ್ರ?

ಹೊಳೆದಂಡೆ · 9:59

ಈಗ ತಗದೆ.

ಲ್ಯಾಬ್‌ಕೀಲಿ · ಸೋಮವಾರ ಸಂಜೆ 5:10

ಇವತ್ತು ಮೇಡಂ ಕೈಲೇ ಬಟನ್ ಒತ್ತಿಸ್ದೆ. 61 ಸರಿ ಹೋದ್ವು, ಮೂರು ಅನ್‌ರೀಚಬಲ್. ನಾನು ಮತ್ತೆ ಕೋರ್‌ಡಿಎನ್‌ಎಸ್ಸು ಅದೂ ಇದೂ ಅಂತ ಬೆವರ್ತಾ ಇದ್ರೆ ಮೇಡಂ ಎದ್ದೋಗಿ ನೋಡಿದ್ರು, ಕೊನೇ ಸಾಲಲ್ಲಿ ಮೊಬೈಲ್ ಚಾರ್ಜಿಗೆ ಅಂತ ಹುಡುಗ್ರು ಸ್ವಿಚ್‌ನ ಪವರ್ ಕಿತ್ತಿದ್ರು. ನಡುವೆ ಒಂದ್ಸಲ ಕರೆಂಟ್ ಹೋಗಿ ಸರ್ವರ್ರೂ ಬಿತ್ತು, ಬಂದಮೇಲೆ ಐದಾರು ನಿಮಿಷ ಬಿಟ್ಟು ನೋಡಿದ್ರೆ ಎಲ್ಲ ಪಾಡ್ ತಾವೇ ಎದ್ದು ಕೂತಿದ್ವು, ಅದೊಂದು ಖುಷಿ ಆಯ್ತು.

ಕೋಟೆಕಲ್ಲು ಅಣ್ಣ, ಸೀಕ್ರೆಟ್ ಕೀ ತೆಗೆದು ಪ್ರಿಂಟ್ ಹಾಕಿ ಮೇಡಂ ಬೀರೂನಲ್ಲಿ ಇಟ್ಟೀನಿ. ಸಿಆರ್ ಫೈಲ್, ಕಸ್ಟಮೈಸೇಶನ್ ಫೈಲ್ ಗಿಟ್‌ಗೆ ಹಾಕೀನಿ.

ವಿದ್ಯಾನಗರ_ಅಕ್ಕ · 5:32

ಸೀಕ್ರೆಟನ್ನ ಗಿಟ್‌ಗೆ ಹಾಕಿಲ್ಲ ತಾನೇ? ಬೇಸ್64 ಅಂದ್ರೆ ಬೀಗ ಅಲ್ಲ, ಬರೀ ಮಡಚಿಟ್ಟ ಕಾಗದ, ಯಾರು ಬೇಕಾದ್ರೂ ಬಿಚ್ಚಬಹುದು.

ಲ್ಯಾಬ್‌ಕೀಲಿ · 5:33

ಇರಿ ಅಕ್ಕ, ಒಂದ್ನಿಮಿಷ ನೋಡಿ ಬರ್ತೀನಿ.

ಮಂಡಕ್ಕಿಭಟ್ಟಿ · 6:15

ಒಂದ್ನಿಮಿಷ ಆಗಿ ಮುಕ್ಕಾಲು ಗಂಟೆ ಆಯ್ತು 🙂